ಭಾವನಿಗೆ ಪಾಠ ಹೇಳಿದ ವರ್ಷ

ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ್ದ ನಾನು ಮನಃಶಾಸ್ತ್ರಕ್ಕೆ ಹೋಗಿದ್ದು ದೊಡ್ಡ ಆಸೆಯಿಂದೇನಲ್ಲ. ಎಂ.ಎಸ್ಸಿ.ಗೆ ಸೀಟು ಸಿಗಲಿಲ್ಲ. ಬೇರೆ ವಿಷಯದಲ್ಲಿ ಪದವಿ ಪಡೆದವರಿಗೆ ಮನಃಶಾಸ್ತ್ರವನ್ನು ಮೊದಲಿನಿಂದ ಕಲಿಸುವ ಒಂದು ವರ್ಷದ ಕೋರ್ಸು ಬೆಂಗಳೂರಿನ ಒಂದು ಕಾಲೇಜಿನಲ್ಲಿತ್ತು. ಅದು ಮುಗಿದರೆ ಎಂ.ಎ.ಗೆ ಸೇರಬಹುದಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ತ್ಯಾಮಗೊಂಡ್ಲಿನ ಮನೆಯಲ್ಲಿ ಸುಮ್ಮನೆ ಕೂತರೆ ಮದುವೆ ಮಾಡಿಬಿಡುತ್ತಾರೆ ಅನ್ನುವ ಹೆದರಿಕೆಯೂ ಇತ್ತು. ಅಪ್ಪ "ಹುಚ್ಚರ ಓದು ನಿನಗ್ಯಾಕಮ್ಮ" ಅಂದರು, ಆದರೆ ತಡೆಯಲಿಲ್ಲ. ರೈಲಿಗೆ ಅನುಕೂಲ ಅಂತ ದೊಡ್ಡಬಳ್ಳಾಪುರದ ಅಕ್ಕನ ಮನೆಯಲ್ಲಿ ಬಿಟ್ಟು ಹೋದರು.

ಭಾವ ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಹಳೆಯ ಷಟ್ಪದಿಗಳನ್ನು ಪುಸ್ತಕವಿಲ್ಲದೆ ಹೇಳುತ್ತಿದ್ದವರು. ಅಕ್ಕನ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತೇ ಪದ್ಯ ಹೇಳಿ ಬಡಿಸುವವರನ್ನು ನಿಲ್ಲಿಸಿಬಿಟ್ಟಿದ್ದರು. ಆದರೆ ನಾನು ಹೋದಾಗ ಅವರು ಸ್ಕೂಲಿಗೆ ಹೋಗುತ್ತಿರಲಿಲ್ಲ. ಪಡಸಾಲೆಯ ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಪಕ್ಕದ ಮನೆಯ ಮಗ್ಗದ ಸದ್ದಿಗೆ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಅಕ್ಕ ಎಬ್ಬಿಸಿದರೆ ಸ್ನಾನ, ತಟ್ಟೆ ಮುಂದಿಟ್ಟರೆ ಎರಡು ತುತ್ತು.

"ಏನಾಗಿದೆ ಭಾವನಿಗೆ?" ಅಂತ ಕೇಳಿದೆ.

"ಸ್ವಲ್ಪ ನಿಶ್ಶಕ್ತಿ ಕಣೇ. ಅಪ್ಪನಿಗೆ ಹೇಳ್ಬೇಡ," ಅಂದಳು ಅಕ್ಕ. ಕಷಾಯ ಆಗಿತ್ತು, ಶನಿಶಾಂತಿ ಆಗಿತ್ತು, ತಾಯತ ಕಟ್ಟಿಸಿದ್ದೂ ಆಗಿತ್ತು. ಸ್ಕೂಲಿನಲ್ಲಿ ಕಾಮಾಲೆ ಅಂತ ಹೇಳಿ ರಜೆ ಹಾಕಿಸಿದ್ದಳು.

ನನಗೆ ನನ್ನದೇ ಕಷ್ಟ ಸಾಕಾಗಿತ್ತು. ತರಗತಿಯಲ್ಲಿ ಹೆಚ್ಚಿನವರು ತತ್ತ್ವಶಾಸ್ತ್ರ, ಸಮಾಜಶಾಸ್ತ್ರ ಓದಿ ಬಂದವರು. ಅವರ ಇಂಗ್ಲಿಷು ನೀರು ಕುಡಿದ ಹಾಗೆ. ನನಗೆ ಸಂಖ್ಯಾಶಾಸ್ತ್ರ ಬಿಟ್ಟರೆ ಮಿಕ್ಕಿದ್ದೆಲ್ಲ ಮಸುಕು. ರಸಾಯನಶಾಸ್ತ್ರದಲ್ಲಿ ದ್ರಾವಣ ಕೆಂಪಾದರೆ ಕೆಂಪು, ಇಲ್ಲವಾದರೆ ಇಲ್ಲ. ಇಲ್ಲಿ ಒಬ್ಬ ಪಂಡಿತ ಹೀಗಂದ, ಇನ್ನೊಬ್ಬ ಹಾಗಂದ. ಮೊದಲ ಪರೀಕ್ಷೆಯಲ್ಲಿ ಫೇಲಾದೆ. ಪ್ರೊಫೆಸರು ನನ್ನನ್ನು ಕರೆದು, "ನೀವು ವಾಪಸ್ ಹೋಗಿ ಬಿ.ಎಡ್. ಮಾಡೋದು ಒಳ್ಳೇದಲ್ವೇನಮ್ಮಾ?" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಯಲಹಂಕ ದಾಟುವವರೆಗೂ ರೈಲಿನ ಕಿಟಕಿಗೆ ಮುಖ ಹಚ್ಚಿ ಅತ್ತೆ.

ಆ ಸಂಜೆ ಪಡಸಾಲೆಯಲ್ಲಿ ಕೂತು ಇಂಗ್ಲಿಷ್ ಪುಸ್ತಕದ ಒಂದೇ ಪುಟವನ್ನು ಗಟ್ಟಿಯಾಗಿ ಮತ್ತೆ ಮತ್ತೆ ಓದುತ್ತಿದ್ದೆ. ಬೆಂಚಿನಿಂದ ಭಾವನ ದನಿ ಬಂತು. "ಅದೇನಮ್ಮ ಅದು, ಅರ್ಥ ಹೇಳು."

ಅವರು ತಾವಾಗಿ ಮಾತಾಡಿ ಎಷ್ಟು ದಿನವಾಗಿತ್ತೋ. ಅಡುಗೆಮನೆಯ ಬಾಗಿಲಿಗೆ ಅಕ್ಕ ಬಂದು ನಿಂತಳು. ನನಗೆ ತಿಳಿದಷ್ಟು ಕನ್ನಡದಲ್ಲಿ ಹೇಳಿದೆ. "ಅದಕ್ಕೆ ಕನ್ನಡದಲ್ಲಿ ಮಾತಿಲ್ವಾ?" ಅಂದರು. "ಗೊತ್ತಿಲ್ಲ ಭಾವ" ಅಂದೆ. ಗೋಡೆಯ ಕಡೆಗೇ ಮುಖವಿಟ್ಟು ಒಂದು ಪದ ಹೇಳಿದರು. ಸ್ವಲ್ಪ ಹೊತ್ತಾದ ಮೇಲೆ "ಅದಲ್ಲ" ಅಂದು ಇನ್ನೊಂದು ಹೇಳಿದರು.

ಅಲ್ಲಿಂದ ಅದು ರೂಢಿಯಾಯಿತು. ನಾನು ಬಂದು ಕಾಫಿ ಕುಡಿದ ಮೇಲೆ ಆ ದಿನದ ಪಾಠ ಭಾವನಿಗೆ ಹೇಳಬೇಕು. ಕೆಲವು ದಿನ ಎದ್ದು ಕೂರುತ್ತಿದ್ದರು. ಕೆಲವು ದಿನ "ಇವತ್ತು ಬೇಡ" ಅಂದು ಹೊದಿಕೆ ಎಳೆದುಕೊಳ್ಳುತ್ತಿದ್ದರು. ಬಿಡಿಸಿ ಹೇಳಿ ಹೇಳಿ ನನಗೇ ವಿಷಯ ತಿಳಿಯತೊಡಗಿತು. ಮುಂದಿನ ಪರೀಕ್ಷೆಯಲ್ಲಿ ಪಾಸಾದೆ.

ಸಂಕ್ರಾಂತಿ ಕಳೆದ ಮೇಲೆ ಮನಸ್ಸಿನ ಕಾಯಿಲೆಗಳ ಪಾಠ ಶುರುವಾಯಿತು. ಒಂದು ಬೆಳಿಗ್ಗೆ ಪ್ರೊಫೆಸರು ಡಿಪ್ರೆಶನ್ನಿನ ಲಕ್ಷಣ ಹೇಳುತ್ತಾ ಹೋದರು. ಊಟ ಸೇರದು, ಬೆಳಗಿನ ಹೊತ್ತು ಸಂಕಟ ಹೆಚ್ಚು, ಸದ್ದು ಸಹಿಸರು, ತಾನು ಯಾರಿಗೂ ಬೇಡ ಅನ್ನಿಸುತ್ತದೆ. ಬರೆದುಕೊಳ್ಳುತ್ತಿದ್ದ ಕೈ ನಿಂತುಬಿಟ್ಟಿತು. ಕೊನೆಯಲ್ಲಿ ಅವರು, ಇಂಥವರ ಮೇಲೆ ಮನೆಯವರು ಒಂದು ಕಣ್ಣಿಟ್ಟಿರಬೇಕು, ಜೀವಕ್ಕೇ ಅಪಾಯ ಮಾಡಿಕೊಂಡಾರು ಅಂದರು.

ಸಂಜೆ ಹಿತ್ತಲಲ್ಲಿದ್ದ ಅಕ್ಕನಿಗೆ, ಭಾವನದ್ದು ಇದೇ ಕಾಯಿಲೆ ಅಂತ ಹೇಳಿದೆ. ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನನ್ನ ಗಂಡನಿಗೆ ಹುಚ್ಚು ಅಂತೀಯಾ?"

"ಹುಚ್ಚಲ್ಲ ಅಕ್ಕ. ಕಾಯಿಲೆ. ಆಸ್ಪತ್ರೆ ಇದೆ."

"ಆ ಆಸ್ಪತ್ರೆ ಬಾಗಿಲಲ್ಲಿ ಒಂದು ಸಲ ಕಾಣಿಸಿಕೊಂಡ್ರೆ ಸ್ಕೂಲಲ್ಲಿ ಅವರನ್ನ ಯಾರು ಒಳಗೆ ಬಿಟ್ಕೋತಾರೆ? ನೀನು ಓದೋಕೆ ಬಂದಿದೀಯ, ಓದ್ಕೊಂಡು ಹೋಗು."

ಪಡಸಾಲೆಗೆ ಬಂದು ಆ ಪಾಠ ಬಿಟ್ಟು ಬೇರೊಂದು ಹೇಳತೊಡಗಿದೆ. ಭಾವ ಸ್ವಲ್ಪ ಹೊತ್ತು ಕೇಳಿದರು. "ಇದು ನಿನ್ನೇದೇ ಅಲ್ವಾ? ಇವತ್ತಿಂದು ಹೇಳು." ಅವರು ಮೇಷ್ಟರು, ಅವರೆದುರು ಸುಳ್ಳು ನಡೆಯಲಿಲ್ಲ. ಜೀವಕ್ಕೆ ಅಪಾಯ ಅನ್ನುವ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಹೇಳುತ್ತಾ ಅವರ ಕಡೆ ನೋಡಲಿಲ್ಲ.

"ಅದಕ್ಕೆ ಏನಂತಾರೆ, ದುಃಖ ಅಂತಲಾ?" ಭಾವ ಕೇಳಿದರು.

"ದುಃಖ ಅಲ್ಲ ಭಾವ. ದುಃಖಕ್ಕೆ ಒಂದು ಕಾರಣ ಇರುತ್ತೆ."

"ಬೇಸರಾನೂ ಅಲ್ಲ. ಬೇಸರ ಆದ್ರೆ ಹೊರಗೆ ಹೋಗಿ ಬಂದ್ರೆ ಹೋಗುತ್ತೆ." ಗೋಡೆಯ ಕಡೆಯಿಂದ ಈ ಕಡೆ ತಿರುಗಿ, "ಮಂಕು ಅನ್ನು. ಮಂಕು ಕವೀತು ಅಂತೀವಲ್ಲ, ಅದು. ಹೊರಗಿಂದ ಬಂದು ಕವೀತದೆ," ಅಂದರು. ಅವರ ಕೆನ್ನೆ ಒದ್ದೆಯಾಗಿತ್ತು. "ಇದಕ್ಕೆ ಔಷಧಿ ಇದೆ ಅಂತ ನಿಮ್ಮ ಮೇಷ್ಟರು ಹೇಳಿದ್ರಾ?"

"ಇದೆ ಅಂದ್ರು."

"ಹಾಗಾದ್ರೆ ನನ್ನ ಕರ್ಕೊಂಡು ಹೋಗಮ್ಮ."

ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಹೋದಳು. ಸೋಮವಾರ ಅವಳೇ ಭಾವನಿಗೆ ಒಗೆದ ಪಂಚೆ ಉಡಿಸಿ, ತಾನೂ ಹೊರಟು ನಿಂತಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಅಲ್ಲಿನ ಡಾಕ್ಟರು ನಿಧಾನಸ್ಥರು. ಊಟ ಬಿಟ್ಟಿರುವುದರಿಂದ ತಲೆಗೆ ಕರೆಂಟು ಕೊಡುವುದೇ ಬೇಗ ಕೆಲಸ ಮಾಡುತ್ತದೆ ಎಂದು ತಿಳಿಸಿ ಹೇಳಿ ಅಕ್ಕನ ಸಹಿ ತೆಗೆದುಕೊಂಡರು. ಅಕ್ಕ ಸಹಿ ಹಾಕುವ ಮುಂಚೆ ನನ್ನ ಮುಖ ನೋಡಿದಳು. ನಾನು ಪುಸ್ತಕದಲ್ಲಿ ಆ ಚಿಕಿತ್ಸೆಯ ಬಗ್ಗೆ ಓದಿದ್ದು ಅರ್ಧ ಪುಟ. ತಲೆಯಾಡಿಸಿದೆ.

ಕೆಲವು ಸಲ ಕರೆಂಟು ಕೊಟ್ಟ ಮೇಲೆ ಭಾವ ಎದ್ದು ಕೂತರು. ಸಾರನ್ನ ಕೇಳಿ ಹಾಕಿಸಿಕೊಂಡರು. ಮನೆಗೆ ಬಂದ ಮೇಲೆ ಕಿವಿಗೆ ಹತ್ತಿಯೂ ಬೇಕಾಗಲಿಲ್ಲ. ಬೇಸಿಗೆ ರಜೆ ಮುಗಿದು ಸ್ಕೂಲಿಗೆ ಹೋದ ಮೊದಲ ವಾರದಲ್ಲೇ ಒಂದು ಸಂಜೆ ಬೆಂಚಿನ ಮೇಲೆ ಕೂತು ನನ್ನನ್ನು ಕರೆದರು. "ತರಗತೀಲಿ ಪದ್ಯ ಶುರು ಮಾಡ್ದೆ. ಎರಡನೇ ಸಾಲಿಗೆ ನಿಂತ್ಹೋಯ್ತು. ಹುಡುಗರು ಕಾಯ್ತಾ ಇದ್ರು. ಪುಸ್ತಕ ತೆಗೆದು ಓದಿದೆ." ಆಮೇಲೆ, "ನೀನು ಬಂದ ವರ್ಷದ್ದೂ ನನಗೆ ಅಲ್ಲಲ್ಲಿ ನೆನಪಿಲ್ಲ. ನಾವು ಪಾಠ ಮಾಡ್ತಿದ್ವಂತೆ, ನಿಮ್ಮಕ್ಕ ಹೇಳಿದ್ಲು," ಅಂದರು.

ಕರೆಂಟು ಕೊಟ್ಟವರಿಗೆ ಹೀಗೆ ಮರೆವಾಗುತ್ತದೆ, ನೆನಪು ಕ್ರಮೇಣ ಬರುತ್ತದೆ ಅಂದರು ಡಾಕ್ಟರು. ಕೆಲವು ಬಂದವು, ಕೆಲವು ಬರಲಿಲ್ಲ. ನಾನು ಕೋರ್ಸು ಪಾಸಾಗಿ ಎಂ.ಎ. ಸೇರಿ ಹಾಸ್ಟೆಲಿಗೆ ಹೋದೆ. ಮನಸ್ಸು ಮಾತ್ರ ಹಗುರಾಗಲಿಲ್ಲ. ಪುಸ್ತಕದಲ್ಲಿ 'ತಾತ್ಕಾಲಿಕ ಮರೆವು' ಎಂದು ಬರೆದಿದ್ದನ್ನು ಓದಿದಾಗಲೆಲ್ಲ ತರಗತಿಯ ಮುಂದೆ ಬಾಯಿ ತೆರೆದು ನಿಂತ ಭಾವ ಕಾಣುತ್ತಿದ್ದರು.

ಎರಡು ವರ್ಷದ ನಂತರ ಭಾವನಿಗೆ ಮತ್ತೆ ಮಂಕು ಕವಿಯಿತು. ಅಕ್ಕ ಹಾಸ್ಟೆಲಿಗೇ ಬಂದು, ಎದುರಿಗೆ ಕೂತು ಕೇಳಿದಳು. "ಕರೆಂಟು ಕೊಡಿಸೋದಾ ಬೇಡ್ವಾ? ಹೋದ್ಸಲ ನಿನ್ನ ನಂಬಿ ಸಹಿ ಹಾಕ್ದೆ. ಈಗ ಜಾಸ್ತಿ ಓದಿದೀಯ, ಹೇಳು."

"ಭಾವನ್ನೇ ಕೇಳೋಣ ಅಕ್ಕ. ಹೋದ್ಸಲ ಅವರನ್ನ ಯಾರೂ ಕೇಳಲಿಲ್ಲ," ಅಂದೆ.

ಇಬ್ಬರೂ ಒಂದೇ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋದೆವು. ಭಾವನನ್ನು ಕೇಳಿದೆವು. "ಮಾತ್ರೇಲಿ ಆಗುತ್ತಾ ನೋಡಿ ಮೊದ್ಲು. ತಡ ಆದ್ರೂ ಆಗ್ಲಿ." ಈ ಸಲ ಊಟ ಪೂರ್ತಿ ಬಿಟ್ಟಿರಲಿಲ್ಲವಾದ್ದರಿಂದ ಡಾಕ್ಟರು ಒಪ್ಪಿದರು. ಬಹಳವೇ ತಡವಾಯಿತು. ಮಳೆಗಾಲವಿಡೀ ಅಕ್ಕ ಬೆಂಚಿನ ಪಕ್ಕ ಚಾಪೆ ಹಾಕಿಕೊಂಡು, ಅವರನ್ನು ಒಂಟಿಯಾಗಿ ಬಿಡದೆ ಕಾದಳು. ಪ್ರತಿ ಭಾನುವಾರ ನಾನು ಹೋಗಿ ಅವಳನ್ನು ಮಲಗಲು ಕಳಿಸಿ ಆ ಚಾಪೆಯ ಮೇಲೆ ಕೂರುತ್ತಿದ್ದೆ. ದೀಪಾವಳಿ ಕಳೆದು ಭಾವ ಸ್ಕೂಲಿಗೆ ಹೋದರು.