ನೆನೆದ ಮಣ್ಣಿನ ತೂಕ

ಅರಸೀಕೆರೆಯಲ್ಲಿ ಬೆಳಗಿನ ಆರು ಗಂಟೆ. ಹೊಸ ಕಟ್ಟಡದ ತಾರಸಿಯ ಮೇಲೆ ಮೂರು ದಿನದಿಂದ ಮೂರು ಬೆರಳು ನೀರು ನಿಲ್ಲಿಸಿದ್ದಾರೆ. ಗಿಡ್ಡಮ್ಮ ಕೆಳಗಿನ ಹಾಲ್‌ನಲ್ಲಿ ಏಣಿ ಹತ್ತಿ ಚಾವಣಿಗೆ ಕೆನ್ನೆ ಒತ್ತುತ್ತಾರೆ.

“ಒಣಗೈತೆ. ಗಾರೆ ಹಿಡಿದ ಕೈಗೆ ತೇವ ಗೊತ್ತಾಗಕಿಲ್ಲ ಕಣ್ರೀ, ಕೆನ್ನೆಗೆ ಗೊತ್ತಾಯ್ತದೆ.”

ತಾರಸಿಯ ಮೇಲೆ ಹುಲ್ಲು ಬೆಳೆಸುವ ಆಸೆ ಈ ಸೀಮೆಗೂ ಬಂದಿದೆ. ಕೆಳಗೆ ತಂಪು, ಮೇಲೆ ಹಸಿರು, ನೆಂಟರಿಗೆ ತೋರಿಸಲೊಂದು ನೆಪ. ಚಾವಣಿ ಭಾರ ತಡೆಯುತ್ತದೆಯೇ ಎಂದು ಕೇಳುವವರು ಕಡಿಮೆ. ಜಾವಗಲ್ಲಿನ ಗಿಡ್ಡಮ್ಮನ ಕಸುಬೇ ಅದನ್ನು ಕೇಳುವುದು. ೧೯೯೬ರಲ್ಲಿ ಬೇಲೂರಿನ ಮನೆಯೊಂದಕ್ಕೆ ಅವರೇ ಹೊತ್ತು ಹಾಕಿದ್ದ ಮಣ್ಣು ಮಳೆಗೆ ನೆನೆದು ಚಾವಣಿಯನ್ನು ಬಿರಿಸಿತು. ಬಿದ್ದ ಗಾರೆಗೆ ಅವರ ಎಡ ಭುಜ ಸಿಕ್ಕಿತು. ಆ ಕೈ ಈಗಲೂ ತಲೆಯವರೆಗೆ ಏಳುವುದಿಲ್ಲ.

ಈ ಕಟ್ಟಡದ ಯಜಮಾನರು ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯ. ಶುಕ್ರವಾರ ಕೆಳಗಿನ ಹಾಲ್‌ನಲ್ಲಿ ಶಿಶುವಿಹಾರ ಶುರು. ಅಷ್ಟರಲ್ಲಿ ಮೇಲೆ ಹುಲ್ಲು ಹಾಸಿರಬೇಕು. ಚದರಡಿಗೆ ಹದಿನಾಲ್ಕು ಕೆಜಿ ಮೀರಬಾರದೆಂದು ಎಂಜಿನಿಯರ್ ಬರೆದುಕೊಟ್ಟಿದ್ದಾರೆ. ಗಂಗಾಧರಯ್ಯ ಮಣ್ಣು, ತೆಂಗಿನ ನಾರಿನ ಪುಡಿ ಬೆರೆಸಿ, ಬಿಸಿಲಿಗೆ ಹರಡಿ, ಚೆನ್ನಾಗಿ ಒಣಗಿಸಿ ತೂಗಿಸಿದ್ದಾರೆ: ಆರಿಂಚು ದಪ್ಪಕ್ಕೆ ಹನ್ನೆರಡು ಕೆಜಿ. ಮೂವತ್ತು ವರ್ಷ ಕೊಬ್ಬರಿಯಲ್ಲಿ ತೇವ ಕಂಡುಹಿಡಿದು ಬೆಲೆ ಇಳಿಸಿದವರಿಗೆ ಒಣಗಿದ ತೂಕವೇ ಸತ್ಯ.

ಗಿಡ್ಡಮ್ಮ ಒಂದಡಿ ಉದ್ದಗಲ, ಆರಿಂಚು ಆಳದ ತಗಡಿನ ತಟ್ಟೆಗೆ ಅದೇ ಮಣ್ಣು ತುಂಬಿ, ನೀರು ಹೊಯ್ದು, ಸೋರುವಷ್ಟು ಸೋರಲು ಬಿಟ್ಟು, ಕೊಬ್ಬರಿಯ ತಕ್ಕಡಿಗೆ ಇಡುತ್ತಾರೆ. ಇಪ್ಪತ್ತು ಕೆಜಿ.

“ಏನಮ್ಮ ಇದು, ನೀರು ಹಾಕಿ ತೂಗೋದು ಕಳ್ಳ ತೂಕ ಅಲ್ವಾ?” ಎನ್ನುತ್ತಾರೆ ಗಂಗಾಧರಯ್ಯ.

“ಹಂಗಾರೆ ಮಳೆಗೆ ಹೇಳ್ಬಿಡಿ ಸ್ವಾಮಿ, ಒಣಗಿಸ್ಕೊಂಡು ಬಾ ಅಂತ.”

“ಬೇರೆಯವರನ್ನ ಕರೆಸ್ತೀನಿ.”

“ಕರೆಸ್ಕಳಿ. ಹೋಗೋಕ್ ಮುಂಚೆ ಈ ಲೆಕ್ಕನ ಬಾಗ್ಲ ಮೇಲೆ ಇದ್ದಿಲಲ್ಲಿ ಬರೆದು ಹೋಯ್ತೀನಿ. ಮಕ್ಕಳ್ನ ಬಿಡೋಕ್ ಬಂದೋರು ಓದ್ಕೊಳ್ಲಿ.”

ಗಂಗಾಧರಯ್ಯ ತಕ್ಕಡಿಯನ್ನೇ ನೋಡುತ್ತಾರೆ. ಅದು ಅವರದೇ ತಕ್ಕಡಿಯಾದ್ದರಿಂದ ಬೈಯುವಂತಿಲ್ಲ. ಕೊನೆಗೆ, “ಮತ್ತೆಷ್ಟು ಹಾಕೋದು, ಹೇಳು” ಎನ್ನುತ್ತಾರೆ.

ನಾಲ್ಕೇ ಇಂಚು, ನಾರಿನ ಪುಡಿ ಇಮ್ಮಡಿ. ಮತ್ತೆ ನೆನೆಸಿ ತೂಗಿದರೆ ಹನ್ನೆರಡೂವರೆ. ಹೊಸದಾಗಿ ಬೆರೆಸಿ ಹಾಕಲು ಇನ್ನೊಂದು ವಾರ ಬೇಕು. ಶಿಶುವಿಹಾರ ಬೋಳು ತಾರಸಿಯ ಕೆಳಗೇ ಶುರುವಾಗಲಿದೆ.

ಇದು ಗಿಡ್ಡಮ್ಮ ಪರೀಕ್ಷಿಸುತ್ತಿರುವ ಹನ್ನೆರಡನೇ ತಾರಸಿ. ಹುಲ್ಲು ಬೆಳೆದ ಮೇಲೆ ಒಂದನ್ನಾದರೂ ಹತ್ತಿ ನೋಡಿದ್ದೀರಾ ಎಂದರೆ ನಗುತ್ತಾರೆ.

“ಯಾರ್ ಕರೀತಾರೆ? ಸೋರಿದ್ರೆ ಕರೀತಾರೆ, ಅಷ್ಟೇಯ.”

ತಟ್ಟೆಯ ಕೆಸರು ತೊಳೆದು ಬಿಸಿಲಿಗೆ ಒರಗಿಸುತ್ತಾರೆ.

“ಇಲ್ಲೀಗಂಟ ಯಾರೂ ಕರ್ದಿಲ್ಲ.”