ತಲೆಯೊಳಗೆ ಹುಟ್ಟಿದ ವಿಷ

ಈಚೆಗೆ ಪಕ್ಕದ ಮನೆಯಾಕೆ ಮಗುವಿನ ಕೆಮ್ಮಿಗೆಂದು ಸೊಪ್ಪು ಜಜ್ಜುತ್ತಿದ್ದಳು. ಆ ಹಸಿ ಕಹಿ ವಾಸನೆ ಗೋಡೆ ದಾಟಿ ಬಂದಾಗ ಕೈಲಿದ್ದ ಕಾಫಿ ಕುಡಿಯಲಾಗಲಿಲ್ಲ. ಅಂಥದೇ ರಸವನ್ನು ನಾನು ಅಣ್ಣನ ದವಡೆ ಹಿಡಿದು ಕುಡಿಸಿದ್ದೆ...

ಅಣ್ಣ ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು. ಎಷ್ಟೇ ಗದ್ದಲವಿದ್ದರೂ ಅವನ ಗಂಟಲೇ ಮೇಲು. "ಅಜ್ಜಿ, ಕೋಳಿಗೂ ಟಿಕೀಟ್ ತಕವ್ವ, ಅದೇನ್ ನಡ್ಕಂಡ್ ಬಂದದಾ?" ಎಂದರೆ ಕೋಳಿ ಹಿಡಿದ ಅಜ್ಜಿಯೇ ಮೊದಲು ನಗುತ್ತಿದ್ದಳು. ಅದೇ ಬಸ್ಸಲ್ಲಿ ಬರುತ್ತಿದ್ದ ನರಸೀಪುರದ ಹುಡುಗಿಯನ್ನು ಅವ್ವನ ಮಾತು ಮೀರಿ ಮದುವೆಯಾದ. ಬೀಡಿ ಬಿಟ್ಟ, ನನ್ನ ಜೊತೆ ಸಂಜೆ ತಿರುಗುವುದನ್ನೂ ಬಿಟ್ಟ.

"ಮದ್ದಾಕವ್ಳೆ ಕಣ್ಲಾ, ಇಲ್ದಿದ್ರೆ ನನ್ ಮಗ ಇಂಗಾಗ್ತಿದ್ನಾ?" ಅನ್ನುತ್ತಿದ್ದಳು ಅವ್ವ. ಊಟದಲ್ಲಿ ಏನೋ ಬೆರೆಸಿ ಗಂಡಸನ್ನು ವಶ ಮಾಡಿಕೊಳ್ಳುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಆಳನ್ನೇ ತಿನ್ನುತ್ತದೆ ಅಂತ ನಮ್ಮ ಕಡೆ ನಂಬಿಕೆ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆದರೆ ಅದನ್ನು ನಂಬಿದ್ದು ಓದಿಲ್ಲದ್ದಕ್ಕಲ್ಲ, ಹೊಟ್ಟೆಕಿಚ್ಚಿಗೆ. ಅತ್ತಿಗೆ ಒಗ್ಗರಣೆ ಹಾಕುವಾಗಲೂ ಅವಳ ಕೈಯನ್ನೇ ನೋಡುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಬೆಳಿಗ್ಗೆ. ಮುದ್ದೆ ಉಣ್ಣುತ್ತಿದ್ದ ಅಣ್ಣ ಏನೋ ಹೇಳಲು ಹೋಗಿ ತೊದಲಿದ. ಬಾಯಿ ಒಂದು ಕಡೆಗೆ ಜಾರಿ ಸಾರು ಅಂಗಿಗೆ ಇಳಿಯಿತು.

"ಲಕ್ವ ಕಣಪ್ಪ ಇದು. ನಮ್ಮಪ್ಪಂಗೂ ಇಂಗೇ ಆಗಿತ್ತು. ಮೈಸೂರ್ಗೆ ಕರ್ಕಂಡ್ ಓಗವ," ಎಂದಳು ಅತ್ತಿಗೆ.

"ಮುದ್ದೆಗೇನಾಕಿದ್ರಿ, ಮೊದ್ಲು ಅದ್ನೇಳಿ ಅತ್ಗಮ್ಮ," ಎಂದೆ.

ಅವಳು ನನ್ನ ಮುಖ ನೋಡಿದಳು. ಸಿಕ್ಕಿಬಿದ್ದವಳ ನೋಟ ಅಂತಲೇ ನನಗೆ ಕಂಡಿತು.

ಮೈಸೂರಿಗೆ ಬಸ್ಸಿತ್ತು. ನಾನು ಅಣ್ಣನನ್ನು ಬೇರೆ ದಿಕ್ಕಿನ ಜೀಪಿಗೆ ಹತ್ತಿಸಿ ನರಸೀಪುರದಾಚೆ ಮದ್ದು ತೆಗೆಯುವ ಮುದುಕನ ಬಳಿಗೆ ಒಯ್ದೆ. ಅವನು ಕೊಟ್ಟ ಸೊಪ್ಪಿನ ರಸವನ್ನು ನಾನೇ ಅಣ್ಣನಿಗೆ ಕುಡಿಸಿದೆ, ಅವನು ವಾಂತಿ ಮಾಡಿಸಿದ. ಏನೋ ಕರ್ರಗಿನದನ್ನು ಕಡ್ಡಿಯಲ್ಲಿ ಎತ್ತಿ, "ನೋಡ್ಕಳಿ, ಇದೇಯ," ಎಂದ. ನನಗೆ ಗೆದ್ದಂತಾಯಿತು. ನಾನಿನ್ನೂ ಕಡ್ಡಿಯ ತುದಿ ನೋಡುತ್ತಿರುವಾಗಲೇ ಅಣ್ಣನ ಬಲಗೈ ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ...

ಮೈಸೂರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಡಾಕ್ಟರು ನನಗೆ ತಿಳಿಯುವಂತೆ ಹೇಳಿದರು. ಮಿದುಳಿನ ಒಂದು ರಕ್ತನಾಳ ಕಟ್ಟಿಕೊಂಡಿದೆ. ರಕ್ತ ಬಾರದ ಜಾಗದಲ್ಲಿ ಹುಳಿ ಕಟ್ಟುತ್ತದೆ, ಜೀವಕಣಗಳೊಳಕ್ಕೆ ಉಪ್ಪು ನುಗ್ಗಿ, ಅದರ ಹಿಂದೆ ನೀರು ನುಗ್ಗಿ ಅವು ಊದಿಕೊಳ್ಳುತ್ತವೆ. ಕಣದಿಂದ ಕಣಕ್ಕೆ ಸುದ್ದಿ ಒಯ್ಯುವ ಒಂದು ರಸವಿದೆಯಂತೆ. ಹದವಾಗಿದ್ದರೆ ಅದರಿಂದಲೇ ಮಾತು, ನೆನಪು. ಅದೇ ಮಿತಿ ಮೀರಿ ಚೆಲ್ಲಿದರೆ ಅಕ್ಕಪಕ್ಕದ ಕಣಗಳಿಗೆ ವಿಷವಂತೆ.

"ಯಾರಾರ ಆಕಿರೋ ವಿಷಾನಾ ಸಾ?"

"ಯಾರೂ ಹಾಕಿಲ್ಲಪ್ಪ. ರಕ್ತ ನಿಂತಿದ್ದಕ್ಕೆ ಅವರ ತಲೆಯಲ್ಲೇ ಹುಟ್ಟಿದ್ದು. ಸುತ್ತಲಿನ ಭಾಗ ಒಂದಷ್ಟು ಹೊತ್ತು ಸಾಯದೆ ಕಾಯ್ತಿರುತ್ತೆ. ಬೆಳಿಗ್ಗೆನೇ ಬಂದಿದ್ರೆ ಎಷ್ಟು ಉಳೀತಿತ್ತೋ... ಹೇಳಕ್ಕಾಗಲ್ಲ."

ಸುದ್ದಿ ತಿಳಿದು ಬಂದ ಅತ್ತಿಗೆಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಊರಿಗೆ ಬಂದೆ. ಜಗಲಿ ತುಂಬ ಜನ. "ಏನಂದ್ರ್ಲಾ ಡಾಕ್ಟ್ರು?" ಎಂದಳು ಅವ್ವ.

"ತಲೇಲಿ ವಿಷ ಆಗದಂತೆ," ಎಂದೆ. ಅಷ್ಟೇ. ಉಳಿದದ್ದು ಹೇಳಿದ್ದರೆ ಬೆಳಗಿನ ಜೀಪಿನ ಮಾತು ಬರುತ್ತಿತ್ತು. ಅತ್ತಿಗೆ ಮರಳುವ ಹೊತ್ತಿಗೆ, ಮದ್ದು ಹಾಕಿದವಳೆಂದು ಅವಳ ಕೈನೀರನ್ನೂ ಯಾರೂ ಕುಡಿಯದಂತಾಗಿತ್ತು.

ಅಣ್ಣನಿಗೆ ಉಳಿದದ್ದು ಒಂದೇ ಮಾತು, "ಹೋಲ್ಡಾನ್." ನೀರಿಗೂ ಅದೇ, ನೋವಿಗೂ ಅದೇ. ಅವ್ವ ಅತ್ತಿಗೆಯನ್ನು ಬಯ್ಯುವಾಗ ಮಾತ್ರ, ಬಸ್ಸು ನಿಲ್ಲಿಸಲು ತಗಡು ಬಡಿಯುವಂತೆ ಎಡಗೈಯಲ್ಲಿ ಗೋಡೆ ಬಡಿದು ಹಾಗೆ ಕೂಗುತ್ತಿದ್ದ. ಏನು ನಿಲ್ಲಿಸಬೇಕಿತ್ತೆಂದು ನನಗೆ ತಿಳಿಯುತ್ತಿತ್ತು. ಎದ್ದು ಹೊರಗೆ ಹೋಗುತ್ತಿದ್ದೆ. ಕೆಲವು ವರ್ಷ ಹಾಗೇ ಬದುಕಿ ಹೋದ. ಆಮೇಲೆ ಅವ್ವನೂ ಹೋದಳು. ಅತ್ತಿಗೆ ನರಸೀಪುರದ ತವರಿಗೆ ಸೇರಿಕೊಂಡಳು.

ಹೋದ ವಾರ ಅಲ್ಲಿಗೆ ಹೋಗಿ, ಅವಳು ಅಡುಗೆ ಮಾಡುತ್ತಿರುವಾಗಲೇ ಎಲ್ಲವನ್ನೂ ಹೇಳಿದೆ. ಅವಳು ತಿರುಗಲಿಲ್ಲ.

"ಇದ್ನ ಆವತ್ತು ಜಗ್ಲೀಲಿ ಏಳ್ಬೇಕಾಗಿತ್ತು ಕಣಪ್ಪ," ಎಂದಳು.

ಆಮೇಲೆ ಬಡಿಸಿದಳು. ನಮ್ಮ ಮನೆಯ ಕಡೆಯವರು ಯಾರೇ ಬಂದರೂ ಅವಳು ಮಾಡುವಂತೆ, ಏನೂ ಬೆರೆಸಿಲ್ಲವೆಂದು ತೋರಿಸಲು, ನನ್ನ ತಟ್ಟೆಯಿಂದಲೇ ಒಂದು ತುತ್ತು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು. ಬೇಡ ಅನ್ನಬೇಕಿತ್ತು. ಅವಳು ನುಂಗುವವರೆಗೂ ನನ್ನ ಕೈ ತಟ್ಟೆಗೆ ಹೋಗಲಿಲ್ಲ. ಅವಳು ಅದನ್ನು ನೋಡಿದಳು.