ಮಡಚಿಕೊಳ್ಳದ ಕುರ್ಚಿ

ದೆವ್ವ, ಆತ್ಮ ಎಂದು ಯಾರಾದರೂ ಕತೆ ತೆಗೆದರೆ ನಾನು ಎದ್ದು ಒಳಗೆ ಹೋಗುವವಳು. ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕಾರಣವಿಲ್ಲದೆ ಏನೂ ಆಗುವುದಿಲ್ಲ, ನಮಗೆ ಕಾರಣ ಗೊತ್ತಿಲ್ಲದಿರಬಹುದು ಅಷ್ಟೆ ಎಂದು ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇನೆ. ಈಗಲೂ ಹಾಗೇ ಹೇಳುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು ಅನ್ನಿಸಿದೆ. ನೀವು ನಂಬಲೇಬೇಕು ಎಂಬ ಹಟ ನನಗಿಲ್ಲ.

ದೆಹಲಿಯ ಪೀತಮ್‌ಪುರಾದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೆಯ ಥಿಯೇಟರ್ ಇತ್ತು. ಅದಕ್ಕೊಂದು ಹೆಸರಿದ್ದರೂ ಎಲ್ಲರೂ ಬರೀ ‘ಹಾಲ್’ ಎನ್ನುತ್ತಿದ್ದರು. ನನ್ನ ಅತ್ತೆ ಮದುವೆಯಾಗಿ ಹಾಸನದಿಂದ ದೆಹಲಿಗೆ ಬಂದಾಗ ಅವರಿಗೆ ಹಿಂದಿಯ ಒಂದು ಅಕ್ಷರವೂ ಬರುತ್ತಿರಲಿಲ್ಲವಂತೆ. ಪಕ್ಕದ ಮನೆಯ ಪಂಜಾಬಿ ಹೆಂಗಸು ಸ್ವರ್ಣಾ ಆಂಟಿ ಅತ್ತೆಯನ್ನು ಮ್ಯಾಟಿನಿಗೆ ಕರೆದುಕೊಂಡು ಹೋಗಿ, ಬಾಲ್ಕನಿಯಲ್ಲಿ ಕೂರಿಸಿ, ಪರದೆಯ ಮೇಲೆ ನಡೆಯುವುದನ್ನೆಲ್ಲ ಕಿವಿಯಲ್ಲಿ ಹೇಳಿ, ಕೈಸನ್ನೆ ಮಾಡಿ ಹಿಂದಿ ಕಲಿಸಿದರು. ಅದಕ್ಕೇ ಅತ್ತೆಯ ಹಿಂದಿ ಪೂರಾ ಸಿನಿಮಾದ ಹಿಂದಿ. ಕೊಳೆತ ಟೊಮೆಟೊ ಹಾಕಿದ ತರಕಾರಿ ಭಯ್ಯಾನ ಮೇಲೆ ಕೋರ್ಟಿನ ಸೀನಿನ ಡೈಲಾಗುಗಳನ್ನು ಬಿಟ್ಟು ಗಲ್ಲಿಯನ್ನೆಲ್ಲ ನಗಿಸಿದ್ದರು.

ಆಮೇಲೆ ಮೆಟ್ರೋ ಬಂತು, ಮಾಲ್ ಬಂತು, ಮಾಲಿನೊಳಗೆ ಮೆತ್ತನೆ ಸೀಟಿನ ಸಿನಿಮಾ ಬಂತು. ನಮ್ಮ ಹಾಲ್‌ನ ಟಿಕೆಟ್ ಕಿಟಕಿಯ ಪಕ್ಕ ಮೊಬೈಲ್ ರಿಪೇರಿ ಅಂಗಡಿ ತೆರೆಯಿತು. ಮುಂದಿನ ಅಂಗಳದಲ್ಲಿ ಹಾಸಿಗೆ, ಸೋಫಾ ಮಾರತೊಡಗಿದರು. ಒಂದಷ್ಟು ದಿನ ಭೋಜಪುರಿ ಚಿತ್ರಗಳು ನಡೆದವು. ಹಾಲ್ ಹೀಗೆ ಕುಗ್ಗುತ್ತಿದ್ದ ಕಾಲದಲ್ಲೇ ಸ್ವರ್ಣಾ ಆಂಟಿ ತೀರಿಕೊಂಡರು. ಅತ್ತೆ ಆಮೇಲೆ ಅತ್ತ ಕಾಲಿಡಲಿಲ್ಲ.

ಮುಂದೆ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ಕಾಲು ಎಳೆಯುವಂತಾಯಿತು, ಮಾತು ಪೂರ್ತಿ ನಿಂತಿತು. ಮಾತು ಮರಳಬಹುದು, ಆದರೆ ಅವರೇ ಪ್ರಯತ್ನಪಡಬೇಕು ಎಂದರು ಡಾಕ್ಟರ್. ಅತ್ತೆ ಪ್ರಯತ್ನವನ್ನೇ ಬಿಟ್ಟಿದ್ದರು. ಮಾತಿನ ಅಭ್ಯಾಸ ಮಾಡಿಸಲು ಬರುತ್ತಿದ್ದ ಹುಡುಗಿಯನ್ನು ಕಂಡರೆ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಮನೆಯಲ್ಲಿ ಒಬ್ಬೊಬ್ಬರಾಗಿ ಆಸೆ ಬಿಟ್ಟರು. ನಾನು ಬಿಡಲಿಲ್ಲ.

ಅಷ್ಟರಲ್ಲಿ ಹಾಲ್ ಮುಚ್ಚುತ್ತದೆ, ಒಡೆದು ಮದುವೆ ಹಾಲ್ ಮಾಡುತ್ತಾರೆ ಎಂಬ ಸುದ್ದಿ ಬಂತು. ಕೊನೆಯ ವಾರ ಹಳೆಯ ಚಿತ್ರಗಳನ್ನೇ ಮತ್ತೆ ಹಾಕಿದ್ದರು. ಅತ್ತೆಯನ್ನು ಕರೆದುಕೊಂಡು ಹೋಗುತ್ತೇನೆ ಎಂದೆ.

“ತಲೆ ಕೆಟ್ಟಿದೆಯಾ ನಿನಗೆ? ಬಿದ್ದುಗಿದ್ದರೆ ಏನು ಮಾಡ್ತೀಯ?” ಎಂದರು ನನ್ನ ಗಂಡ.

“ಎತ್ತುತ್ತೀನಿ,” ಎಂದೆ.

ಕಾಲೇಜಿಗೆ ಹೋಗುವ ಮಗಳು ನಿಧಿ ಜೊತೆಗೆ ಬಂದಳು. ಗೇಟಿನವನು ಅತ್ತೆಯ ನಡಿಗೆ ನೋಡಿ, “ಮಾಜೀ ಕೋ ನೀಚೇ ಬಿಠಾ ದೋ,” ಎಂದು ಕೆಳಗಿನ ಬಾಗಿಲು ತೋರಿಸಿದ. ಅತ್ತೆ ಅಲ್ಲಾಡಲಿಲ್ಲ. ಎಡಗೈ ಎತ್ತಿ ಬಾಲ್ಕನಿಯ ಮೆಟ್ಟಿಲ ಕಡೆ ಚಾಚಿದರು.

“ಅಮ್ಮಾ, ಅಜ್ಜಿ ಥಕ್ ಜಾಯೇಂಗೀ, ಸುಸ್ತಾಗ್ತಾರೆ, ಬೇಡ,” ಎಂದಳು ನಿಧಿ.

ಆದರೆ ಎಷ್ಟೋ ತಿಂಗಳಲ್ಲಿ ಅವರು ತಾವಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಒಂದೊಂದು ಮೆಟ್ಟಿಲಿಗೂ ನಿಂತು, ಸುಧಾರಿಸಿಕೊಂಡು, ನಾವಿಬ್ಬರೂ ಅವರನ್ನು ಹತ್ತಿಸಿದೆವು.

ಬಾಲ್ಕನಿಯಲ್ಲಿ ನಾವು ಮೂವರೇ. ಕೆಳಗೆ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು. ಅಲ್ಲಿನ ಕುರ್ಚಿಗಳು ಹಳೆಯ ಮಾದರಿಯವು. ಕೂತವರು ಎದ್ದರೆ ಸ್ಪ್ರಿಂಗಿನಿಂದ ತಾವಾಗಿ ಮೇಲಕ್ಕೆ ಮಡಚಿಕೊಳ್ಳುತ್ತವೆ. ಅತ್ತೆಯ ಎಡಕ್ಕೆ ನಾನು ಕೂತೆ, ನನ್ನ ಆಚೆ ನಿಧಿ. ಅತ್ತೆಯ ಬಲಕ್ಕೆ ಯಾರೂ ಇರಲಿಲ್ಲ.

ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಅತ್ತೆ ಬಲಕ್ಕೆ ವಾಲಿದರು. ಜಾರುತ್ತಿದ್ದಾರೆಂದು ತೋಳು ಹಿಡಿಯಲು ಹೋದೆ. ಆಗ ಕೇಳಿಸಿತು.

“ಅಬ್ ದೇಖನಾ... ಭಾಗೇಗಾ,” ಎಂದರು ಅತ್ತೆ.

ಈಗ ನೋಡು, ಓಡಿಹೋಗ್ತಾನೆ ಎಂದು. ಉಚ್ಚಾರ ತೊದಲಿತ್ತು, ಆದರೆ ಮಾತು ಸ್ಪಷ್ಟ. ನಿಧಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅತ್ತೆ ನಮ್ಮ ಕಡೆ ತಿರುಗಲೇ ಇಲ್ಲ. ಬಲಕ್ಕೆ ಬಾಗಿ ಎರಡು ಮಾತು ಆಡುವುದು, ಸುಮ್ಮನಾಗುವುದು, ಏನೋ ಕೇಳಿಸಿಕೊಂಡವರಂತೆ ತಲೆ ಆಡಿಸುವುದು, ನಗುವುದು. ಅವರು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಪರದೆಯ ಬೆಳಕಿನಲ್ಲಿ ಖಾಲಿ ಕುರ್ಚಿಗಳೆಲ್ಲ ಸಾಲಾಗಿ ಮಡಚಿಕೊಂಡು ನಿಂತಿದ್ದವು. ಅತ್ತೆಯ ಬಲಗಡೆಯದು ಮಾತ್ರ ಬಿಡಿಸಿಕೊಂಡು ಕೆಳಗಿತ್ತು.

ಸ್ಪ್ರಿಂಗ್ ಕೆಟ್ಟಿರಬೇಕು ಎಂದುಕೊಂಡೆ. ಮೊದಲೇ ಹಾಗಿತ್ತೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಇಂಟರ್ವಲ್‌ನಲ್ಲಿ ದೀಪ ಹತ್ತಿತು. ಕುರ್ಚಿ ಕೆಳಗೇ ಇತ್ತು. ರೆಕ್ಸಿನ್ ಹರಿದು ಸ್ಪಂಜು ಕಾಣುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ. ಮುಟ್ಟಿ ನೋಡಬೇಕು ಅನ್ನಿಸಿತು. ಮುಟ್ಟಿದರೆ ಅತ್ತೆಯ ಮಾತು ನಿಂತುಹೋಗಬಹುದು ಅನ್ನಿಸಿ ಕೈ ಹಿಂದಕ್ಕೆ ತೆಗೆದುಕೊಂಡೆ. ಭಯವಿರಲಿಲ್ಲವೇ ಎಂದರೆ ಇತ್ತು. ಆದರೆ ಅತ್ತೆ ಮಾತಾಡುತ್ತಿದ್ದಾರೆ, ಅದು ನಡೆಯಲಿ, ಮಿಕ್ಕದ್ದು ಆಮೇಲೆ ಎಂದು ಗಟ್ಟಿ ಮನಸ್ಸು ಮಾಡಿ ಕೂತೆ.

ಚಿತ್ರ ಮುಗಿಯಿತು. ನಾನೂ ನಿಧಿಯೂ ಎದ್ದು, ಅತ್ತೆಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಲು ಬಗ್ಗಿದೆವು. ಅತ್ತೆ ಇನ್ನೂ ಕೂತೇ ಇದ್ದರು. ಅವರ ಬಲಗಡೆಯ ಕುರ್ಚಿ ಟಪ್ಪೆಂದು ಮೇಲಕ್ಕೆ ಮಡಚಿಕೊಂಡಿತು.

“ಸ್ಪ್ರಿಂಗ್ ಖರಾಬ್ ಹೋಗಾ, ಕೆಟ್ಟಿರಬೇಕು ಅಮ್ಮಾ,” ಎಂದಳು ನಿಧಿ. ನಾನು ಅತ್ತೆಯನ್ನು ಅವಳ ಕೈಗೆ ಒಪ್ಪಿಸಿ ಆ ಕುರ್ಚಿಯನ್ನು ಒತ್ತಿ ಬಿಟ್ಟೆ. ತಕ್ಷಣ ಮೇಲೆ ಹೋಯಿತು. ಮತ್ತೆ ಒತ್ತಿದೆ, ಮತ್ತೆ ಹೋಯಿತು. ನನ್ನ ಕೈಚೀಲ ಇಟ್ಟೆ. ಚೀಲವನ್ನೇ ಹಿಂದಕ್ಕೆ ಒತ್ತಿ ಮಡಚಿಕೊಂಡಿತು. ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ, ಬಿಗಿಯಾಗಿಯೇ ಇತ್ತು.

ಅಷ್ಟಕ್ಕೇ ಬಿಡುವವಳಲ್ಲ ನಾನು. ಮರುದಿನ ಶಾಲೆ ಮುಗಿಸಿ ಮತ್ತೆ ಹೋದೆ. ಗೇಟಿನವನಿಗೆ ಏನೋ ಮರೆತಿದ್ದೇನೆ ಎಂದು ಹೇಳಿ ಮೇಲೆ ಹೋಗಿ ಬಹಳ ಹೊತ್ತು ಕೂತೆ. ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆಯೇ, ಪಕ್ಕದ ಕುರ್ಚಿಯಲ್ಲಿ ವಾಲಿ ಕೂತರೆ ಎಳೆಯುತ್ತದೆಯೇ, ನೆಲ ಅದುರಿದರೆ ಏನಾಗುತ್ತದೆ, ಎಲ್ಲ ನೋಡಿದೆ. ಮನುಷ್ಯರು ಕೂತರೆ ಹೊರತು ಅದು ಕೆಳಗೆ ನಿಲ್ಲಲಿಲ್ಲ. ಮುಂದಿನ ವಾರ ಕುರ್ಚಿಗಳನ್ನೆಲ್ಲ ಕಿತ್ತು ಲಾರಿಗೆ ತುಂಬಿದರು. ಪರೀಕ್ಷೆ ಮಾಡಲು ಇನ್ನೇನೂ ಉಳಿಯಲಿಲ್ಲ.

ಅತ್ತೆಗೆ ಮಾತು ಮರಳಿತು. ಮೊದಲು ಹಿಂದಿ, ಆಮೇಲೆ ನಿಧಾನವಾಗಿ ಕನ್ನಡ. ಬಹುಕಾಲದ ಪರಿಚಯದ ಜಾಗಕ್ಕೆ ಹೋದಾಗ ಹೀಗಾಗುವುದುಂಟು ಎಂದರು ಡಾಕ್ಟರ್. ಅದನ್ನು ಒಪ್ಪುತ್ತೇನೆ. ಡಾಕ್ಟರಿಗೆ ಕುರ್ಚಿಯ ವಿಷಯ ನಾನು ಹೇಳಿಲ್ಲ. ನಿಧಿ ಆ ಮಾತು ಎತ್ತಲು ಬಿಡುವುದಿಲ್ಲ.

ಅತ್ತೆಯ ಮಾತು ಒಂದು ಹದಕ್ಕೆ ಬಂದ ಮೇಲೆ ಒಂದು ದಿನ ಅವರ ತಲೆ ಬಾಚುತ್ತಾ ಧೈರ್ಯ ಮಾಡಿ ಕೇಳಿಯೇಬಿಟ್ಟೆ. “ಅತ್ತೆ, ಆವತ್ತು ಹಾಲ್‌ನಲ್ಲಿ ಯಾರ ಜೊತೆ ಮಾತಾಡ್ತಿದ್ರಿ?”

ಅವರು ತಿರುಗಿ ನನ್ನನ್ನೇ ನೋಡಿದರು. “ಪಕ್ಕದಲ್ಲೇ ಇದ್ಯಲ್ಲೇ ನೀನು,” ಎಂದರು. “ನೋಡ್ಲಿಲ್ವಾ?”

ನೋಡಿದ್ದೆ. ಏನನ್ನು ನೋಡಿದೆ ಎಂದು ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ.